ಎಂಜಿನ್ ಸೋರುವುದು ಅದರ ಗುಣವಲ್ಲ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ತೆಂಗು, ಅಡಿಕೆ ತೋಟಗಳಲ್ಲಿ ಹಳೆಯ ಬುಲೆಟ್ ಮೋಟಾರ್ ಸೈಕಲ್ಲುಗಳು ಇಂದಿಗೂ ದುಡಿಯುತ್ತಿವೆ. ಅರಳಗುಪ್ಪೆಯ ಬೆಳೆಗಾರ ತಿಪಟೂರಿನ ಕೊಬ್ಬರಿ ಮಾರುಕಟ್ಟೆಗೆ ಹೋಗಿ ಬರಲಿ, ಮಲೆನಾಡಿನ ಕಾಫಿ ಬೆಳೆಗಾರ ಘಟ್ಟದ ತಿರುವು ಹತ್ತಲಿ, ಅಪ್ಪನ ಕಾಲದ ಗಾಡಿಯೇ ಹಲವರಿಗೆ ಆಧಾರ. ಈ ಗಾಡಿಯ ಬಗ್ಗೆ ನಮ್ಮವರಲ್ಲಿ ಒಂದು ಮಾತು ರೂಢಿಯಲ್ಲಿದೆ: "ಬುಲೆಟ್ ಅಂದಮೇಲೆ ಆಯಿಲ್ ಸೋರಲೇಬೇಕು, ಸೋರಲಿಲ್ಲವೆಂದರೆ ಒಳಗೆ ಆಯಿಲ್ ಇಲ್ಲ ಅಂತ ತಿಳಿ." ನಗೆಮಾತಾಗಿ ಇದು ಚೆನ್ನಾಗಿಯೇ ಇದೆ. ಆದರೆ ನಗೆಮಾತನ್ನೇ ಶಾಸ್ತ್ರವೆಂದು ನಂಬಿ ಕೈಕಟ್ಟಿ ಕೂರುವುದು ನಷ್ಟದ ದಾರಿ ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ.

ತೆಂಗಿನ ಕಾಂಡದಲ್ಲಿ ಕೆಂಗಂದು ರಸ ಒಸರಿದರೆ ನಾವು ಸುಮ್ಮನಿರುತ್ತೇವೆಯೇ? ಕಾಂಡ ಸೋರುವ ರೋಗವೆಂದು ಗುರುತಿಸಿ, ಕೆಟ್ಟ ಭಾಗವನ್ನು ಉಳಿಯಿಂದ ಕೆತ್ತಿ ತೆಗೆದು, ಬೋರ್ಡೋ ಮುಲಾಮು ಬಳಿಯುತ್ತೇವೆ. ಮರ ಸೋರಿದರೆ ರೋಗ, ಎಂಜಿನ್ ಸೋರಿದರೆ ಮಾತ್ರ ಸ್ವಭಾವ ಎನ್ನುವುದು ಯಾವ ನ್ಯಾಯ?

ಈ ತಾತ್ಸಾರಕ್ಕೆ ಒಂದು ಹಿನ್ನೆಲೆಯೂ ಇದೆ. ನಮ್ಮ ಹಳ್ಳಿಗಳ ಹಿರಿಯರು ಕೈ ಪಳಗಿಸಿಕೊಂಡದ್ದು ಬಹುಮಟ್ಟಿಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಜಾವಾ, ಯೆಜ್ಡಿ ಗಾಡಿಗಳ ಮೇಲೆ. 1996ರಲ್ಲಿ ಆ ಕಾರ್ಖಾನೆ ಮುಚ್ಚಿತು. ಅಲ್ಲಿ ತಯಾರಾದವು ಎರಡು ಸ್ಟ್ರೋಕಿನ ಎಂಜಿನ್‌ಗಳು. ಅವುಗಳ ತಲೆಯಲ್ಲಿ ವಾಲ್ವೂ ಇಲ್ಲ, ವಾಲ್ವಿನ ಮುಚ್ಚಳವೂ ಇಲ್ಲ, ಆಯಿಲನ್ನು ಪೆಟ್ರೋಲಿಗೇ ಬೆರೆಸಿದರೆ ಆಯಿತು. 1955ರಲ್ಲಿ ಮದರಾಸಿನಲ್ಲಿ ಆರಂಭವಾದ ಎನ್‌ಫೀಲ್ಡ್ ಇಂಡಿಯಾದ ಬುಲೆಟ್ ಬೇರೆ ಜಾತಿಯದು. ಅದು ನಾಲ್ಕು ಸ್ಟ್ರೋಕಿನದು. ಎಂಜಿನ್ನಿನ ತಲೆಯಲ್ಲಿ ಎರಡು ವಾಲ್ವುಗಳಿವೆ. ಕೆಳಗಿನಿಂದ ಪುಷ್ ರಾಡ್ ಎತ್ತಿದಾಗ ರಾಕರ್ ಎಂಬ ಸನ್ನೆಗೋಲು ವಾಲ್ವನ್ನು ಒತ್ತಿ ತೆರೆಯುತ್ತದೆ. ಸದಾ ಕುಟ್ಟುವ ಈ ಭಾಗಗಳಿಗೆ ಆಯಿಲ್ ಬೇಕು. ಆ ಆಯಿಲ್ ಹೊರಚೆಲ್ಲದಂತೆ, ಹೊರಗಿನ ಧೂಳು ಒಳಸೇರದಂತೆ ಮೇಲೆ ಎರಡು ಮುಚ್ಚಳಗಳಿವೆ. ಮುಚ್ಚಳಕ್ಕೂ ತಲೆಗೂ ನಡುವೆ ಇರುವ ತೆಳು ಪದರವೇ ಪ್ಯಾಕಿಂಗ್, ಅಂದರೆ ಗ್ಯಾಸ್ಕೆಟ್.

ಈ ಪ್ಯಾಕಿಂಗ್ ಕಾಗದದ್ದೋ ಕಾರ್ಕಿನದೋ ರಬ್ಬರಿನದೋ ಆಗಿರುತ್ತದೆ. ಎಂಜಿನ್ ದಿನವೂ ಕಾದು ಆರುವುದರಿಂದ ಅದು ಗಟ್ಟಿಯಾಗಿ, ಸೊರಗಿ, ಬಿರುಕು ಬಿಡುತ್ತದೆ. ಚಪ್ಪಲಿಯ ಅಟ್ಟೆ ಸವೆದಂತೆ ಇದೂ ಸವೆಯತಕ್ಕ ವಸ್ತು. ಬೆಲೆಯೋ, ಕೆಲವೇ ತೆಂಗಿನಕಾಯಿಗಳದ್ದು. ಅದನ್ನು ಬದಲಿಸದೆ ಬಿಟ್ಟರೆ ಆಗುವ ನಷ್ಟವನ್ನು ಸ್ವಲ್ಪ ಲೆಕ್ಕ ಹಾಕೋಣ. ಎಂಜಿನ್ ಓಡುವಾಗ ಹತ್ತು ಸೆಕೆಂಡಿಗೆ ಒಂದು ಹನಿ ಸೋರಿದರೂ ಗಂಟೆಗೆ 360 ಹನಿ. ಮೂವತ್ತು ಹನಿಗೆ ಒಂದು ಮಿಲಿಲೀಟರ್ ಎಂದು ಸುಮಾರಾಗಿ ಹಿಡಿದರೆ ಗಂಟೆಗೆ 12 ಮಿ.ಲೀ. ದಿನಕ್ಕೊಂದು ಗಂಟೆಯ ಓಡಾಟವಿದ್ದರೆ ತಿಂಗಳಿಗೆ 360 ಮಿ.ಲೀ., ಮೂರು ತಿಂಗಳಿಗೆ ಒಂದು ಲೀಟರಿಗೂ ಮೇಲೆ. ಹಳೆಯ ಬುಲೆಟ್ಟಿನ ಹೊಟ್ಟೆ ಹಿಡಿಯುವುದೇ ಎರಡು ಲೀಟರಿಗಿಂತ ತುಸು ಹೆಚ್ಚು. ನಡುವೆ ಕಡ್ಡಿ ಅದ್ದಿ ನೋಡುವ ಅಭ್ಯಾಸವಿಲ್ಲದವನ ಎಂಜಿನ್ ಅರೆಹೊಟ್ಟೆಯಲ್ಲಿ ದುಡಿಯುತ್ತಿರುತ್ತದೆ. ಕೊನೆಗೆ ಪಿಸ್ಟನ್ ಹಿಡಿದುಕೊಂಡಾಗ ಸಿಲಿಂಡರ್ ಬೋರ್ ಮಾಡಿಸುವ ಖರ್ಚು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಎತ್ತಿಕೊಂಡಂತೆ!

ಹಣಕ್ಕಿಂತ ದೊಡ್ಡ ಮಾತು ಜೀವದ್ದು. ಸೋರಿದ ಆಯಿಲ್ ಗಾಳಿಗೆ ಹಿಂದಕ್ಕೆ ಹಾರಿ ಟೈರಿನ ಮೇಲೆ ಬಿದ್ದರೆ ಮಳೆಗಾಲದ ಘಟ್ಟದ ರಸ್ತೆಯಲ್ಲಿ ಏನಾದೀತೆಂದು ಬಿಡಿಸಿ ಹೇಳಬೇಕಾಗಿಲ್ಲ. ಹಿಂದೆ ಕೂರುವವರು ನಮ್ಮ ಹೆಂಡತಿ ಮಕ್ಕಳೇ. ಇನ್ನು ಗಾಡಿಯ ಮೇಲೆ ಸಾಗಿಸುವ ಕೊಬ್ಬರಿ ಚೀಲಕ್ಕೆ ಎಂಜಿನ್ ಆಯಿಲಿನ ಕಲೆ ತಾಗಿದರೆ ಯಾವ ವರ್ತಕ ಒಳ್ಳೆಯ ದರ ಕೂಗುತ್ತಾನೆ?

ಹಾಗಾದರೆ ಮಾಡಬೇಕಾದದ್ದೇನು? ಮೊದಲು ಸೋರುವ ಜಾಗವನ್ನು ಖಚಿತ ಮಾಡಿಕೊಳ್ಳಬೇಕು. ಹಳೆಯ ಬುಲೆಟ್ಟಿನಲ್ಲಿ ರಾಕರಿಗೆ ಆಯಿಲ್ ಒಯ್ಯುವ ಸಣ್ಣ ಪೈಪು ಹೊರಗಡೆಯೇ ಇದೆ. ಅದರ ತುದಿಯ ತಾಮ್ರದ ವಾಷರ್ ಸಡಿಲವಾದರೂ ಮುಚ್ಚಳವೇ ಸೋರಿದಂತೆ ಕಾಣುತ್ತದೆ. ತಣ್ಣಗಿರುವ ಎಂಜಿನ್ನನ್ನು ಸೀಮೆಎಣ್ಣೆ ಅಥವಾ ಡೀಸೆಲ್‌ನಿಂದ ತೊಳೆದು ಒರೆಸಿ, ಸೀಮೆಸುಣ್ಣದ ಪುಡಿ ಉದುರಿಸಿ, ಊರ ಸುತ್ತ ಒಂದು ಸುತ್ತು ಹೋಗಿ ಬನ್ನಿ. ಪುಡಿ ಎಲ್ಲಿ ಮೊದಲು ಒದ್ದೆಯಾಗಿದೆಯೋ ಅಲ್ಲಿ ರೋಗ.

ಮುಚ್ಚಳದ್ದೇ ತಪ್ಪೆಂದು ಕಂಡರೆ, ಎಂಜಿನ್ ಪೂರಾ ಆರಿದ ಮೇಲೆ ಬಿಚ್ಚಿರಿ. ಬಿಚ್ಚಿದೊಡನೆ ಪುಷ್ ರಾಡಿನ ಕಿಂಡಿಗಳಿಗೆ ಶುಭ್ರವಾದ ಬಟ್ಟೆ ತುರುಕಿರಿ, ಹಳೆಯ ಪ್ಯಾಕಿಂಗಿನ ಚೂರು ಒಳಗೆ ಬಿದ್ದರೆ ಅದು ಆಯಿಲಿನ ಜೊತೆ ಕೆಳಗಿಳಿದು ದಾರಿ ಕಟ್ಟೀತು. ತಲೆ ಅಲ್ಯೂಮಿನಿಯಂನದು, ಮೆದು ಲೋಹ. ಆಕ್ಸಾ ಬ್ಲೇಡಿನಿಂದ ಕೆರೆದರೆ ಗೀರು ಬಿದ್ದು, ಆ ಗೀರೇ ಹೊಸ ಸೋರಿಕೆಗೆ ಕಾಲುವೆಯಾಗುತ್ತದೆ. ಬಿದಿರಿನ ಚಕ್ಕೆಯಿಂದ ನಿಧಾನವಾಗಿ ಕೆರೆಯಿರಿ. ಅನಂತರ ಮುಚ್ಚಳವನ್ನು ಸಮತಟ್ಟಾದ ಗಾಜಿನ ಮೇಲೆ ಬೋರಲು ಹಾಕಿ ನೋಡಿರಿ. ಅಲುಗಾಡಿದರೆ ಅದು ಸೊಟ್ಟಗಾಗಿದೆ. ಗಾಜಿನ ಮೇಲೆ ನಯವಾದ ಮರಳು ಕಾಗದ ಹಾಸಿ ಗುಂಡಗೆ ಉಜ್ಜಿದರೆ ಸಣ್ಣ ಸೊಟ್ಟು ಸರಿಯಾಗುತ್ತದೆ. ಆಮೇಲೆ ತೊಳೆದು ಒಣಗಿಸಿ, ಬಟ್ಟೆ ತೆಗೆದು, ಹೊಸ ಪ್ಯಾಕಿಂಗ್ ಇಟ್ಟು ಮುಚ್ಚಿರಿ.

ಇಲ್ಲಿಯೇ ನಮ್ಮವರ ಎರಡು ದುರಭ್ಯಾಸಗಳ ಬಗ್ಗೆ ನಿಷ್ಠುರವಾಗಿ ಹೇಳಬೇಕಾಗಿದೆ. ಒಂದು, ಪ್ಯಾಕಿಂಗಿಗೆ ಬದಲಾಗಿ ಮೆತ್ತುವ ಬಾಂಡು. ಗೋಡೆಗೆ ಗಾರೆ ಮೆತ್ತಿದಂತೆ ಮೆತ್ತಿದರೆ ಹೆಚ್ಚಾದದ್ದು ಒಳಕ್ಕೂ ಹಿಸುಕಿಕೊಳ್ಳುತ್ತದೆ, ಕಿತ್ತ ಚೂರು ಆಯಿಲಿನ ದಾರಿಗೆ ಅಡ್ಡವಾಗುತ್ತದೆ. ಅರಳಗುಪ್ಪೆಯ ಹೊಯ್ಸಳರ ಕಾಲದ ಚೆನ್ನಕೇಶವ ಗುಡಿಯನ್ನು ನೋಡಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಆ ಶಿಲ್ಪಿಗಳು ಗಾರೆಯ ಹಂಗಿಲ್ಲದೆ ಕಲ್ಲಿಗೆ ಕಲ್ಲು ಕೂರಿಸಿದರು. ಮೈಗೆ ಮೈ ಸಮನಾಗಿ ಕೂತರೆ ಮೆತ್ತುವ ಕೆಲಸವೇ ಇಲ್ಲ. ಇನ್ನೊಂದು, ಶಕ್ತಿ ಇರುವಷ್ಟೂ ನಟ್ ಬಿಗಿಯುವುದು. ಬಿಗಿ ಹೆಚ್ಚಾದರೆ ಪ್ಯಾಕಿಂಗ್ ಹಿಸುಕಿ ಹೊರಬರುತ್ತದೆ, ಮುಚ್ಚಳ ಬಾಗುತ್ತದೆ, ಅಲ್ಯೂಮಿನಿಯಂನ ಮರೆ ಕಿತ್ತುಬರುತ್ತದೆ. ಸಣ್ಣ ಸ್ಪ್ಯಾನರ್ ಹಿಡಿದು, ಮಣಿಕಟ್ಟಿನ ಬಲದಲ್ಲಿ ಹದವಾಗಿ ಬಿಗಿದರೆ ಸಾಕು.

ಹೊಸ ಪ್ಯಾಕಿಂಗ್ ಹಾಕಿದ ತಿಂಗಳಲ್ಲೇ ಮತ್ತೆ ಸೋರಿದರೆ? ಆಗ ಪ್ಯಾಕಿಂಗನ್ನು ಬಯ್ಯಬೇಡಿ. ಎಂಜಿನ್ ಉಸಿರಾಡಲು ಒಂದು ಬ್ರೀದರ್ ಪೈಪು ಇದೆ. ಹಳೆಯ ಬುಲೆಟ್ಟಿನಲ್ಲಿ ಅದಕ್ಕೆ ಬಾತುಕೋಳಿಯ ಕೊಕ್ಕಿನಂಥ ರಬ್ಬರ್ ವಾಲ್ವೊಂದು ಇರುತ್ತದೆ, ಗಾಳಿಯನ್ನು ಹೊರಗೆ ಬಿಟ್ಟು ಒಳಗೆ ಬಿಡದು. ಪೈಪು ಕಟ್ಟಿಕೊಂಡರೆ, ಕೊಕ್ಕು ಗಟ್ಟಿಯಾದರೆ, ಒಳಗಿನ ಒತ್ತಡ ಮೇಲೇರಿ ಸಂದಿಸಂದಿಗಳಿಂದ ಆಯಿಲನ್ನು ತಳ್ಳುತ್ತದೆ. ಪಿಸ್ಟನ್ ರಿಂಗು ಸವೆದಿದ್ದರೂ ಇದೇ ಪಾಡು. ಸೈಲೆನ್ಸರಿನಲ್ಲಿ ನೀಲಿ ಹೊಗೆಯೂ ಕಂಡರೆ ರಿಂಗಿನ ಮೇಲೆ ಅನುಮಾನಪಡಬೇಕು. ರೋಗ ಬೇರಿನಲ್ಲಿದ್ದಾಗ ಗರಿಗೆ ಔಷಧಿ ಹೊಡೆದು ಫಲವಿಲ್ಲ.

ಇಷ್ಟೆಲ್ಲ ತಾಪತ್ರಯವೇಕೆ, ಹಳೆಯದನ್ನು ಗುಜರಿಗೆ ಹಾಕಿ ಹೊಸದು ಕೊಳ್ಳಬಾರದೇ ಎಂದು ಕೆಲವು ಕಿರಿಯ ಸದಸ್ಯರು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ರಿಂಗು, ಬೋರು, ಬೇರಿಂಗು ಎಲ್ಲವೂ ಹೋಗಿರುವ ಗಾಡಿಗೆ ಹಣ ಸುರಿಯಿರಿ ಎಂದು ನಾವು ಹೇಳುವುದಿಲ್ಲ. ಹದಿನೈದು ವರ್ಷ ದಾಟಿದ ಗಾಡಿಯ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕಾದ ಖರ್ಚೂ ಇದೆ. ಲೆಕ್ಕ ಹಾಕಿ ತೀರ್ಮಾನಿಸಿರಿ. ಆದರೆ ಹಲವು ಗಾಡಿಗಳು ಗುಜರಿ ಸೇರುವುದು ಎಂಜಿನ್ ಮುಗಿದುದರಿಂದಲ್ಲ, ಸೋರಿಕೆಯ ಗಲೀಜಿಗೆ ಮನೆಯವರು ಬೇಸತ್ತುದರಿಂದ. ಕೆಲವು ಕಾಯಿಯ ಬೆಲೆಯ ಕಾಗದದ ಚೂರಿಗಾಗಿ ಲಕ್ಷಾಂತರ ರೂಪಾಯಿಯ ಹೊಸ ಸಾಲ ಮಾಡುವುದು ಬೆಳೆಗಾರನಿಗೆ ತಕ್ಕ ವಿವೇಕವಲ್ಲ.

ಮೆಕ್ಯಾನಿಕ್‌ಗಳನ್ನು ಮಾತ್ರ ದೂರುವುದೂ ಸಲ್ಲದು. "ಅರ್ಧ ಗಂಟೇಲಿ ಕೊಡಪ್ಪ, ಮಾರ್ಕೆಟ್ಟಿಗೆ ಹೊತ್ತಾಯ್ತು" ಎಂದು ಅವಸರಿಸುವವರು ನಾವೇ. ಹಾಗಾದಾಗ ಆತ ಕೆರೆಯದೆ ತೊಳೆಯದೆ ಬಾಂಡು ಮೆತ್ತದೆ ಇನ್ನೇನು ಮಾಡಿಯಾನು?

ಕೊನೆಯದಾಗಿ ಸಹಕಾರ ಸಂಘಗಳಿಗೆ ನಮ್ಮ ಸಲಹೆ. ಗೊಬ್ಬರ, ಮೈಲುತುತ್ತ ಮಾರುವ ಮಳಿಗೆಯ ಒಂದು ಕಪಾಟಿನಲ್ಲಿ ಪ್ಯಾಕಿಂಗ್ ಹಾಳೆ, ಬುಲೆಟ್ಟಿನ ಮುಚ್ಚಳದ ಪ್ಯಾಕಿಂಗ್, ತಾಮ್ರದ ವಾಷರ್, ಬ್ರೀದರಿನ ರಬ್ಬರ್, ಸ್ಪ್ಲೆಂಡರಿನಂಥ ಗಾಡಿಗಳ ಟ್ಯಾಪೆಟ್ ಮುಚ್ಚಳದ ಓ-ರಿಂಗುಗಳನ್ನು ಇಡಲಿ. ಬಂಡವಾಳ ಅಲ್ಪ, ಕೊಳೆತು ಹೋಗುವ ಮಾಲಲ್ಲ. ತಿಂಗಳಿಗೊಂದು ದಿನ ಸಂಘದ ಅಂಗಳಕ್ಕೆ ಒಬ್ಬ ನುರಿತ ಮೆಕ್ಯಾನಿಕ್‌ನನ್ನು ಕರೆಸಿ, ಸದಸ್ಯರ ಮಕ್ಕಳ ಕೈಯಲ್ಲೇ ಈ ಕೆಲಸ ಮಾಡಿಸಲಿ. ಇಲ್ಲಿ ಕಲಿತ ಕೈ ನಾಳೆ ಡೀಸೆಲ್ ಪಂಪ್‌ಸೆಟ್ಟಿಗೂ ನಾಲ್ಕು ಸ್ಟ್ರೋಕಿನ ಸ್ಪ್ರೇ ಎಂಜಿನ್ನಿಗೂ ಒದಗುತ್ತದೆ. ಅವುಗಳ ತಲೆಯ ಮೇಲೂ ಇಂಥದೇ ಮುಚ್ಚಳ, ಇಂಥದೇ ಪ್ಯಾಕಿಂಗ್. ಔಷಧಿ ಹೊಡೆಯುವ ಹೊತ್ತಿಗೆ ಎಂಜಿನ್ ಕೈಕೊಟ್ಟರೆ ಮಳೆ ನಮಗಾಗಿ ಕಾಯುವುದಿಲ್ಲ.

ಸದಸ್ಯ ಬಂಧುಗಳೇ, ಈ ವಾರ ನಿಮ್ಮ ಗಾಡಿ ನಿಲ್ಲುವ ಜಾಗದಲ್ಲಿ ಒಂದು ಹಳೆಯ ರಟ್ಟು ಹಾಸಿಡಿ. ಬೆಳಗ್ಗೆ ಅದರ ಮೇಲೆ ಕಲೆ ಕಂಡರೆ ಭಾನುವಾರದ ಒಂದು ಬೆಳಗನ್ನು ಅದಕ್ಕೆ ಮೀಸಲಿಡಿ.