ಎಂಜಿನಿಗೊಬ್ಬ ಸಾರಥಿ

ಆಸ್ಟ್ರೇಲಿಯದ ಮೆಲ್ಬೋರ್ನ್ ನಗರದಲ್ಲಿ ಉದ್ಯೋಗದಲ್ಲಿರುವ ನಮ್ಮ ಸೋದರಳಿಯನು ಕಳೆದ ತಿಂಗಳು ಊರಿಗೆ ಬಂದಿದ್ದನು. ಅವನು 1990ರ ಮಾಜ್ದಾ ಎಂಎಕ್ಸ್-5 ಕಾರೊಂದನ್ನು ಕೊಂಡು, ಅದಕ್ಕೆ ಟರ್ಬೊ ಕೂಡಿಸಿ, ಆರು ತಿಂಗಳೊಳಗೆ ಒಂದು ಪಿಸ್ಟನ್ನನ್ನು ಕರಗಿಸಿಕೊಂಡಿರುವನಂತೆ. ದುರಸ್ತಿಯೇನೋ ಆಯಿತು, ಎಂಜಿನನ್ನು ಆಳುವ ಹೊಸ ಗಣಕಕ್ಕೆಂದು ಮತ್ತೆ ಹಣ ಸುರಿಯಲು ಹೊರಟಿರುವನಂತೆ. "ಅಣ್ಣಾ, ನೀನಾದರೂ ಬುದ್ಧಿ ಹೇಳು" ಎಂದು ನಮ್ಮ ತಂಗಿ ಬೇಡಿಕೊಂಡಳು. ಜೀವಮಾನವೆಲ್ಲ ಅಮರಕೋಶವನ್ನು ಪಾಠಹೇಳಿದ ನಮಗೆ ಪಿಸ್ಟನ್ನಿನ ಗೊಡವೆಯೇನು? ಆದರೂ ಹುಡುಗನನ್ನು ಕುಳ್ಳಿರಿಸಿಕೊಂಡು ವಿಚಾರಿಸಿದೆವು. ವಾಚಕರ ಮನೆಗಳಲ್ಲಿಯೂ ಇಂತಹ ಉತ್ಸಾಹಿಗಳು ಇರಬಹುದಾದುದರಿಂದ, ತಿಳಿದುಬಂದುದನ್ನು ಇಲ್ಲಿ ನಿವೇದಿಸುವೆವು.

ಎಂಜಿನು ಹೊರಗೆಡಹುವ ಬಿಸಿ ಹೊಗೆಯ ವೇಗದಿಂದಲೇ ಚಕ್ರವೊಂದನ್ನು ತಿರುಗಿಸಿ, ಹೊಸ ಗಾಳಿಯನ್ನು ಒತ್ತಿ ಒಳಕ್ಕೆ ತುಂಬುವುದೇ ಟರ್ಬೊವಿನ ಕೆಲಸ. ಗಾಳಿ ಹೆಚ್ಚಿದಂತೆ ಪೆಟ್ರೋಲೂ ಹೆಚ್ಚಬೇಕಷ್ಟೆ. ಒಂದು ತೂಕ ಪೆಟ್ರೋಲು ಪೂರ್ಣವಾಗಿ ಉರಿಯಲು ಸುಮಾರು 14.7 ತೂಕ ಗಾಳಿ ಬೇಕು. ಆದರೆ ಟರ್ಬೊ ಬಲವಾಗಿ ಒತ್ತುವಾಗ ಒಳಗಿನ ತಾಪವನ್ನು ತಗ್ಗಿಸಲು ಪೆಟ್ರೋಲನ್ನು ಧಾರಾಳಮಾಡಿ, ಗಾಳಿಯ ಪಾಲು ಸುಮಾರು 12ಕ್ಕೆ ಇಳಿಯುವಂತೆ ನೋಡಿಕೊಳ್ಳುವರು. ಕಿಡಿಯನ್ನೂ ತುಸು ತಡವಾಗಿ ಹಾರಿಸುವರು. ಇವು ತಪ್ಪಿದರೆ ಮಿಶ್ರಣವು ಅಕಾಲದಲ್ಲಿ ಸಿಡಿದು, ಕ್ಷಣಮಾತ್ರದಲ್ಲಿ ಲೋಹವನ್ನೇ ಕೆಡಿಸುವುದು. ಆ ಕಾರಿನಲ್ಲಿ ಬರುವ ಗಾಳಿಯನ್ನು ಅಳೆಯುವುದು ಕದದಂತಹ ಒಂದು ರೆಕ್ಕೆ. ಕದವು ಪೂರ್ತಿ ತೆರೆದುಕೊಂಡ ಮೇಲೆ ಎಷ್ಟು ಗಾಳಿ ನುಗ್ಗಿದರೂ ಮೂಲ ಗಣಕಕ್ಕೆ ಅರಿವಾಗದು. ಪಿಸ್ಟನ್ನು ಹೋದುದು ಹೀಗೆ.

ಮೂಲ ಗಣಕಕ್ಕೆ ಸುಳ್ಳು ಹೇಳಿ ಕೆಲಸ ತೆಗೆಯುವ ಚಿಕ್ಕ ಪೆಟ್ಟಿಗೆಗಳೂ ಉಂಟಂತೆ. ಸುಳ್ಳಿನ ಸಂಸಾರ ನಮಗೆ ರುಚಿಸಲಿಲ್ಲ. ಉಳಿದುದು ಸ್ವತಂತ್ರ ಗಣಕ. ಮೆಲ್ಬೋರ್ನಿನ ಮೋಟೆಕ್, ಸಿಡ್ನಿಯ ಹಾಲ್‌ಟೆಕ್, ಅಮೆರಿಕದ ಇಬ್ಬರು ರೂಪಿಸಿದ, ಬೆಸುಗೆ ಬಲ್ಲವರು ತಾವೇ ಜೋಡಿಸಿಕೊಳ್ಳಬಹುದಾದ ಮೆಗಾಸ್ಕ್ವರ್ಟ್, ಹೀಗೆ ಹಲವು, ಬೆಲೆಗಳಲ್ಲಿ ಅಜಗಜಾಂತರ. ಅಳಿಯನ ಮನಸ್ಸು ಅತ್ಯಂತ ಬೆಲೆಬಾಳುವುದರ ಮೇಲೆ.

"ಅದಕ್ಕೆ ಲೆಕ್ಕ ತುಂಬುವವರು ಯಾರಪ್ಪ?" ಎಂದೆವು. ಅವನು ನಂಬಿರುವ ಕುಶಲಿಯು ನಿತ್ಯ ಬಳಸುವುದು ಬೇರೊಂದು ಗಣಕವನ್ನಂತೆ! ಕರ್ಣನ ಸಾರಥಿಯಾದ ಶಲ್ಯನೇನು ಸಾಮಾನ್ಯನೆ? ಮನಸ್ಸು ಕೂಡದಿದ್ದುದರಿಂದ ರಥವು ಹೂತ ಗಳಿಗೆಯಲ್ಲಿ ಅವನು ಒದಗಲಿಲ್ಲ.

ಆಮೇಲೆ ಕಾಗದ ಹಿಡಿದು ಲೆಕ್ಕಹಾಕಿದೆವು. ಮೊದಲು ಕುಶಲಿಯ ಕೂಲಿ; ಕಾರನ್ನು ಉರುಳೆಗಳ ಮೇಲೆ ನಿಲ್ಲಿಸಿ ಓಡಿಸುತ್ತ, ಒತ್ತಡ ಒತ್ತಡಕ್ಕೂ ಪೆಟ್ರೋಲನ್ನೂ ಕಿಡಿಯನ್ನೂ ಹೊಂದಿಸಬೇಕಾದುದರಿಂದ ಇದು ಅಲ್ಪವಲ್ಲ. ಬಳಿಕ ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ನಿಖರವಾಗಿ ಅಳೆಯುವ ಮಾಪಕ. ಒತ್ತಡದ ಮಾಪಕವೂ ತಕ್ಕದ್ದಿರಬೇಕು. ವಾತಾವರಣದ ಒತ್ತಡವೇ ಸುಮಾರು 1 ಬಾರ್, ಅದರ ಮೇಲೆ ಟರ್ಬೊ ಅರ್ಧ ಬಾರ್ ಕೂಡಿಸಿದರೂ 1 ಬಾರ್‌ವರೆಗಷ್ಟೇ ಓದಬಲ್ಲ ಮಾಪಕ ಕುರುಡೇ ಸರಿ. ವಿಕ್ಟೋರಿಯ ಪ್ರಾಂತದಲ್ಲಿ ಇಂತಹ ಮಾರ್ಪಾಡಿಗೆ ಅಧಿಕೃತ ಪರೀಕ್ಷಕರ ಪ್ರಮಾಣಪತ್ರವೂ ಅವಶ್ಯ. ಅದರ ವೆಚ್ಚವನ್ನು ಹುಡುಗನು ಮರೆತೇಬಿಟ್ಟಿದ್ದನು. ಇವೆಲ್ಲ ಕಳೆದು ಉಳಿದ ಹಣದಲ್ಲಿ, ಒತ್ತಡ ಮಿತಿಮೀರಿದೊಡನೆ ಪೆಟ್ರೋಲನ್ನು ತಡೆದು ಎಂಜಿನನ್ನು ಕಾಯುವ, ಕುಶಲಿಗೆ ಕೈವಶವಾದ ಗಣಕವೇ ಸಾಕೆಂದೆವು.

"ಆಗಲಿ ಮಾವ" ಎಂದು ಒಪ್ಪಿ ಹೋದನು. ತಂಗಿ ಮಾತ್ರ ಇನ್ನೂ ಮುನಿದಿರುವಳು. ಕಾರನ್ನು ನಾವು ಮಾರಿಸಿಬಿಡುವೆವೆಂದು ಅವಳ ಎಣಿಕೆಯಾಗಿದ್ದಿತು.