ಬೆಂಗಳೂರು ಹತ್ತಿರ, ರೂಟರ್ ದೂರ

ಶ್ರೀನಿವಾಸಪುರದ ಕಡೆಯ ಒಂದು ಮನೆಯನ್ನು ಊಹಿಸಿಕೊಳ್ಳಿ. ಹೊರಗೆ ಮಾವಿನ ತೋಪು, ಒಳಗೆ ತಾತನ ಕಾಲದ ಕಲ್ಲುಚಪ್ಪಡಿಯ ಗೋಡೆ. ಹಿಂದಿನ ಕೋಣೆಯಲ್ಲಿ, ಎಂಜಿನಿಯರಿಂಗ್ ಮುಗಿಸಿದ ಮಗಳು ಲ್ಯಾಪ್‌ಟಾಪ್ ಮುಂದೆ ಕೂತಿದ್ದಾಳೆ. ಆ ತುದಿಯಲ್ಲಿ ಬೆಂಗಳೂರಿನ ಕಂಪನಿಯವರು ಇಬ್ಬರು ಸಂದರ್ಶನ ನಡೆಸುತ್ತಿದ್ದಾರೆ. ಪ್ರಶ್ನೆ ಬರುತ್ತದೆ, ಉತ್ತರ ಗೊತ್ತಿದೆ, ಹೇಳಲು ಶುರುವನ್ನೂ ಮಾಡುತ್ತಾಳೆ. ಆದರೆ ಅವರಿಗೆ ಕೇಳಿಸುವುದು ಮೌನ. 'ಗೊತ್ತಿಲ್ಲದಿದ್ದರೆ ಪರವಾಗಿಲ್ಲ, ಮುಂದಿನದು ಕೇಳ್ತೀವಿ' ಎನ್ನುವಷ್ಟರಲ್ಲಿ ಇವಳ ಮಾತು ಅಲ್ಲಿ ತಲುಪುತ್ತದೆ. ಇಬ್ಬರೂ ಒಟ್ಟಿಗೆ ಮಾತಾಡಿ, ಒಟ್ಟಿಗೆ ನಿಲ್ಲಿಸುತ್ತಾರೆ. 'ಹೇಳಿ ಸರ್...' 'ಇಲ್ಲಮ್ಮ, ನೀವು ಹೇಳಿ...' ಅರ್ಧ ಗಂಟೆ ಹೀಗೇ ಕಳೆಯುತ್ತದೆ.

ಆ ಅರ್ಧ ಗಂಟೆಯ ಬೆಲೆ ಸಣ್ಣದಲ್ಲ. 2014ರಲ್ಲಿ ಬರ್ಲಿನ್ನಿನ ತಾಂತ್ರಿಕ ವಿಶ್ವವಿದ್ಯಾಲಯದ ಕತ್ರಿನ್ ಶೋನೆನ್‌ಬರ್ಗ್ ಮತ್ತು ಸಂಗಡಿಗರು ದೂರವಾಣಿ ಮಾತುಕತೆಯಲ್ಲಿ ಬೇಕೆಂದೇ ವಿಳಂಬ ಸೇರಿಸಿ ನೋಡಿದರು. ಮಾತು ತಡವಾಗಿ ತಲುಪಿದಾಗ ಕೇಳುಗರು ತಂತಿಯನ್ನು ದೂರಲಿಲ್ಲ. ಎದುರಿನ ಮನುಷ್ಯನಿಗೇ ಗಮನವಿಲ್ಲ ಎಂದುಕೊಂಡರು. ತಪ್ಪು ಯಂತ್ರದ್ದು, ಅಂಕ ಕಳೆದುಕೊಳ್ಳುವವಳು ಹುಡುಗಿ!

ಇಂಥ ಮನೆಗಳು ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಸುತ್ತ ಈಗ ಬೇಕಾದಷ್ಟಿವೆ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಿದ್ದಾಗ ಬೆಂಗಳೂರಿನ ಬಾಡಿಗೆ ಕೋಣೆ ಬಿಟ್ಟು ಊರಿಗೆ ಬಂದವರಲ್ಲಿ ಕೆಲವರು ವಾರದ ಒಂದೆರಡು ದಿನವಾದರೂ ಮನೆಯಿಂದಲೇ ಕೆಲಸ ಮಾಡುವುದನ್ನು ಮುಂದುವರಿಸಿದರು. ಕಾಲೇಜಿನ ಪರೀಕ್ಷೆ, ಡಾಕ್ಟರ ಸಲಹೆ, ದುಬೈಯಲ್ಲಿರುವ ಮಗನ ಮುಖದರ್ಶನ, ಎಲ್ಲವೂ ಅದೇ ಗೋಡೆಗೆ ತೂಗುಹಾಕಿದ ಡಬ್ಬಿಯಿಂದ ಬರಬೇಕು. ಮಾತು ತಡವರಿಸಿದಾಗ ಮನೆಯ ಯಜಮಾನರು ಮಾಡುವ ಮೊದಲ ಕೆಲಸ ಕೇಬಲ್ ಹುಡುಗನಿಗೆ ಫೋನು: 'ಏನಪ್ಪಾ, ನಿನ್ನ ಲೈನು ಸರಿಯಿಲ್ಲ.' ಅವನು ಹೇಳುವುದೂ ಸಿದ್ಧವಾಗಿಯೇ ಇರುತ್ತದೆ: 'ಅಣ್ಣಾ, ನಲವತ್ತರ ಪ್ಲಾನು ಸಾಲಲ್ಲ, ನೂರಕ್ಕೆ ಹಾಕಿಸ್ಕೊಳ್ಳಿ.' ಹಾಕಿಸಿಕೊಳ್ಳುತ್ತಾರೆ. ತಿಂಗಳ ಬಿಲ್ಲು ಏರುತ್ತದೆ. ಮಾತು ಮೊದಲಿನಂತೆಯೇ ತಡವರಿಸುತ್ತದೆ.

ಏಕೆಂದರೆ ದುಡ್ಡು ಕೊಟ್ಟು ಕೊಂಡದ್ದು ನೀರಿನ ಪ್ರಮಾಣವನ್ನು. ಬೇಕಾಗಿದ್ದದ್ದು ನೀರು ಬೇಗ ಬರುವುದು. ಕೋಲಾರದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು 2018ರ ಜೂನ್‌ನಲ್ಲಿ ಕೋಲಾರ ತಾಲ್ಲೂಕಿನ ಲಕ್ಷ್ಮೀಸಾಗರ ಕೆರೆಗೆ ಬಂದು ಬಿತ್ತು. ಕೆ.ಸಿ. ವ್ಯಾಲಿ ಯೋಜನೆಯ ಕಾಗದದ ಲೆಕ್ಕ ದಿನಕ್ಕೆ 44 ಕೋಟಿ ಲೀಟರ್. ಅಷ್ಟು ನೀರಿನ ಲೆಕ್ಕವಿದ್ದರೂ ಕೆಳಗಿನ ಊರಿನ ರೈತ ಕಾಯಲೇಬೇಕಿತ್ತು. ಮೇಲಿನ ಕೆರೆ ತುಂಬಿ ಕೋಡಿ ಬೀಳದೆ ಕೆಳಗಿನ ಕೆರೆಗೆ ನೀರು ಇಳಿಯುವುದಿಲ್ಲ. ದಿನಕ್ಕೆ ಎಷ್ಟು ಎಂಬುದು ಒಂದು ಪ್ರಶ್ನೆ, ಮೊದಲ ಹನಿ ಯಾವಾಗ ಎಂಬುದು ಇನ್ನೊಂದು. ಇಂಟರ್ನೆಟ್ಟಿನಲ್ಲಿ ಎಂಬಿಪಿಎಸ್ ಎಂಬುದು ಮೊದಲಿನದು. ಎರಡನೆಯದಕ್ಕೆ 'ಲೇಟೆನ್ಸಿ', ಅಂದರೆ ವಿಳಂಬ ಎಂದು ಹೆಸರು. ಅದನ್ನು ಅಳೆಯುವುದು ಮಿಲಿಸೆಕೆಂಡಿನಲ್ಲಿ, ಸೆಕೆಂಡಿನ ಸಾವಿರದ ಒಂದು ಪಾಲಿನಲ್ಲಿ. ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಇರುವುದು ಮೊದಲಿನದೇ.

ಹಾಗಾದರೆ ದೂರದ ಊರು ಎಂಬ ಕಾರಣಕ್ಕೆ ವಿಳಂಬವೇ? ಲೆಕ್ಕ ಹಾಕಿ ನೋಡಿ. ಬೆಂಗಳೂರಿನಿಂದ ಮಾಲೂರು ಸುಮಾರು 50 ಕಿಲೊಮೀಟರ್, ಕೋಲಾರ 70ರ ಆಸುಪಾಸು, ಮುಳಬಾಗಿಲು, ಶ್ರೀನಿವಾಸಪುರ ನೂರರ ಆಸುಪಾಸು. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೊಮೀಟರ್ ಓಡುತ್ತದೆ. ಅಂದರೆ ಮುಳಬಾಗಿಲಿನಿಂದ ಬೆಂಗಳೂರಿಗೆ ಹೋಗಿ ಬರಲು ಒಂದೇ ಮಿಲಿಸೆಕೆಂಡ್. ದಾರಿಯ ಸುತ್ತುಬಳಸು, ನಡುವಿನ ಯಂತ್ರಗಳ ಲಂಚ–ರುಷುವತ್ತು ಸೇರಿ ಹತ್ತಿಪ್ಪತ್ತು ಆದರೂ ಆಗಲಿ. ಮಾತುಕತೆಗೆ ಒಂದು ದಿಕ್ಕಿನಲ್ಲಿ 150 ಮಿಲಿಸೆಕೆಂಡಿನವರೆಗೆ ಅಡ್ಡಿಯಿಲ್ಲ ಎಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವೇ ಹೇಳಿದೆ. ದೂರ ಕಾರಣವಲ್ಲ. ಕ್ಯಾಲಿಫೋರ್ನಿಯಕ್ಕೆ ಹೋಗಿಬರುವ ಸಂಕೇತ ಇನ್ನೂರೈವತ್ತರ ಆಚೀಚೆ ತೆಗೆದುಕೊಳ್ಳುತ್ತದೆ. ನಿಮ್ಮ ಮನೆಯ ಹಿಂದಿನ ಕೋಣೆಯಿಂದ ಮುಂದಿನ ಕೋಣೆಗೆ ನಾನೂರು ಆಗುತ್ತಿದ್ದರೆ ರೂಟರ್ ಅಮೆರಿಕಕ್ಕಿಂತ ದೂರದಲ್ಲಿದೆ ಎಂದಾಯಿತು!

ಇದು ತಮಾಷೆಯ ಮಾತಲ್ಲ. ಅಳೆದು ನೋಡಬಹುದು, ಕಾಸೂ ಖರ್ಚಿಲ್ಲ. 1983ರ ಡಿಸೆಂಬರ್‌ನಲ್ಲಿ ಅಮೆರಿಕದ ಸೇನೆಯ ಪ್ರಯೋಗಾಲಯವೊಂದರಲ್ಲಿದ್ದ ಮೈಕ್ ಮೂಸ್, ಜಾಲ ಎಡವಟ್ಟು ಮಾಡುತ್ತಿದೆಯೆಂದು ಒಂದು ಸಂಜೆ ಕೂತು ಪುಟ್ಟ ಪ್ರೋಗ್ರಾಮ್ ಬರೆದ. ಜಲಾಂತರ್ಗಾಮಿಗಳು ಶಬ್ದ ಕಳಿಸಿ ಪ್ರತಿಧ್ವನಿ ಕೇಳಿಸಿಕೊಳ್ಳುತ್ತವಲ್ಲ, ಆ ಸದ್ದಿನ ಹೆಸರನ್ನೇ ಇಟ್ಟ: 'ಪಿಂಗ್'. ಅದು ಇವತ್ತಿಗೂ ಎಲ್ಲ ವಿಂಡೋಸ್ ಕಂಪ್ಯೂಟರಿನೊಳಗೂ ಇದೆ. ಕಮಾಂಡ್ ಪ್ರಾಂಪ್ಟ್ ಎಂಬ ಕಪ್ಪು ಕಿಟಕಿ ತೆರೆದು 'ಐಪಿಕಾನ್ಫಿಗ್' ಎಂದು ಇಂಗ್ಲಿಷಿನಲ್ಲಿ ಬೆರಳಚ್ಚಿಸಿದರೆ ಡಿಫಾಲ್ಟ್ ಗೇಟ್‌ವೇ ಎಂಬಲ್ಲಿ ರೂಟರಿನ ವಿಳಾಸ ಕಾಣುತ್ತದೆ, ಸಾಮಾನ್ಯವಾಗಿ 192.168.1.1ರ ಥರದ್ದು. 'ಪಿಂಗ್' ಎಂದು ಬರೆದು, ಜಾಗ ಬಿಟ್ಟು ಆ ವಿಳಾಸ, ಮತ್ತೆ ಜಾಗ ಬಿಟ್ಟು ಒಂದು ಅಡ್ಡಗೆರೆ, ಅದಕ್ಕೆ ಅಂಟಿದಂತೆ 'ಟಿ' ಅಕ್ಷರ. ನೀವು ನಿಲ್ಲಿಸುವವರೆಗೂ ಅದು ಸೆಕೆಂಡಿಗೊಮ್ಮೆ ಕೂಗಿ ಕರೆದು, ಓಗೊಡಲು ಎಷ್ಟು ಹೊತ್ತಾಯಿತೆಂದು ಸಾಲುಸಾಲಾಗಿ ತೋರಿಸುತ್ತದೆ.

ಇಲ್ಲಿ ರೂಟರನ್ನು ಮಾತ್ರ ಕೇಳುತ್ತಿದ್ದೇವೆ ಎಂಬುದೇ ಮುಖ್ಯ. ಕಂಪನಿಯ ತಂತಿ, ಕಂಬ, ಬೆಂಗಳೂರು ಯಾವುದೂ ಇದರಲ್ಲಿ ಬರುವುದಿಲ್ಲ. ಲ್ಯಾಪ್‌ಟಾಪಿನ ವೈಫೈ ಅಡಾಪ್ಟರಿಗೂ ಗೋಡೆಯ ಡಬ್ಬಿಗೂ ನಡುವಿನ ಹತ್ತು ಮೀಟರ್ ಗಾಳಿ ಮಾತ್ರ. ಆರೋಗ್ಯವಾಗಿದ್ದರೆ ಒಂದು, ಎರಡು, ಮೂರು, ಹೆಚ್ಚೆಂದರೆ ಐದಾರು ಮಿಲಿಸೆಕೆಂಡ್ ತೋರಿಸಬೇಕು. ನಡುನಡುವೆ ಇನ್ನೂರು, ಎಂಟುನೂರು ಎಂದು ನೆಗೆಯುತ್ತಿದ್ದರೆ ನೂರರ ಪ್ಲಾನಲ್ಲ, ಸಾವಿರದ ಪ್ಲಾನು ಹಾಕಿಸಿದರೂ ಪ್ರಯೋಜನವಿಲ್ಲ. ಕೇಬಲ್ ಹುಡುಗನನ್ನು ಬೈದದ್ದೂ ಅನ್ಯಾಯ.

ಗಾಳಿಯಲ್ಲಿ ಅಂಥದ್ದೇನಾಗುತ್ತದೆ? ಒಂದೇ ಹಗ್ಗ, ಒಂದೇ ರಾಟೆಯ ಬಾವಿಯನ್ನು ನೆನೆಸಿಕೊಳ್ಳಿ. ಒಂದು ಹೊತ್ತಿಗೆ ಒಬ್ಬರೇ ಸೇದಬಹುದು. ವೈಫೈ ಕೂಡ ಹಾಗೇ. ಒಂದು ಚಾನೆಲ್ಲಿನಲ್ಲಿ ಒಂದು ಹೊತ್ತಿಗೆ ಒಬ್ಬರದೇ ಮಾತು. 1971ರಲ್ಲಿ ಹವಾಯಿ ದ್ವೀಪಗಳ ನಡುವೆ ನಾರ್ಮನ್ ಅಬ್ರಾಮ್ಸನ್ ಮತ್ತು ಸಂಗಡಿಗರು ಹೂಡಿದ 'ಅಲೋಹಾ' ರೇಡಿಯೊ ಜಾಲದ ನಿಯಮ ಸರಳವಾಗಿತ್ತು: ಕೂಗು, ಉತ್ತರ ಬಾರದಿದ್ದರೆ ಮನಸ್ಸಿಗೆ ಬಂದಷ್ಟು ಹೊತ್ತು ಕಾದು ಮತ್ತೆ ಕೂಗು. 1997ರಲ್ಲಿ ವೈಫೈಯ ನಿಯಮಾವಳಿ ಬಂದಾಗ ಕೊಂಚ ಮರ್ಯಾದೆ ಸೇರಿತು: ಮೊದಲು ಕಿವಿಗೊಡು, ಬೇರೆಯವರು ಮಾತಾಡುತ್ತಿದ್ದರೆ ಕಾಯಿ, ಆಮೇಲೆ ಮಾತಾಡು. ರಸೀದಿ ಬಾರದಿದ್ದರೆ ಕಾಯುವ ಅವಧಿಯ ಮಿತಿಯನ್ನು ಇಮ್ಮಡಿಸಿಕೊಂಡು ಮತ್ತೆ ಯತ್ನಿಸು. ಸಂಕೇತ ಕ್ಷೀಣವಾದಷ್ಟೂ ರಸೀದಿ ತಪ್ಪುತ್ತದೆ, ಕಾಯುವುದು ಬೆಳೆಯುತ್ತದೆ. ಜೊತೆಗೆ ಮನೆಯ ಮೂಲೆಯಲ್ಲಿ ಹಳೆಯ ಮೊಬೈಲೊಂದು ಸಣ್ಣ ಚೊಂಬಿನಲ್ಲಿ ಸೇದುತ್ತಾ ನಿಂತಿದ್ದರೆ ದೊಡ್ಡ ಬಿಂದಿಗೆ ತಂದವರೂ ಅದರ ಹಿಂದೆಯೇ ನಿಲ್ಲಬೇಕು.

ಇನ್ನು ಕಲ್ಲು. ಕೋಲಾರದ ಚಿನ್ನದ ಗಣಿಯಲ್ಲಿ, ನೆಲದಡಿ ಎರಡು ಕಿಲೊಮೀಟರಿಗೂ ಆಳದಲ್ಲಿ, 1965ರಲ್ಲಿ ವಿಜ್ಞಾನಿಗಳು ವಾಯುಮಂಡಲದ ನ್ಯೂಟ್ರಿನೊ ಕಣಗಳ ಸುಳಿವು ಹಿಡಿದರು. ಅಷ್ಟು ಬಂಡೆಯನ್ನು ತೂರಿ ಬರುವುದು ಆ ಕಣಕ್ಕೆ ಸಲೀಸು. ವೈಫೈ ಅಲೆಗೆ ಆ ಯೋಗವಿಲ್ಲ. ಎರಡು ಚಪ್ಪಡಿ ಗೋಡೆ, ನಡುವೆ ಒಂದು ಕಬ್ಬಿಣದ ಬೀರು ಸಿಕ್ಕರೆ ಸುಸ್ತಾಗುತ್ತದೆ. ಅದರಲ್ಲೂ 5 ಗಿಗಾಹರ್ಟ್ಸ್‌ನ ಅಲೆ 2.4ಕ್ಕಿಂತ ಬೇಗ ಸೋಲುತ್ತದೆ. ಇತ್ತ 2.4ರ ಪಟ್ಟಿಯೋ ಪುಕ್ಕಟೆ ಸಂತೆ. ಭಾರತದಲ್ಲಿ 2005ರಲ್ಲಿ ಅದಕ್ಕೆ ಲೈಸೆನ್ಸ್ ಬೇಡವೆಂದಾಗಿ, ಅಕ್ಕಪಕ್ಕದ ರೂಟರು, ಬ್ಲೂಟೂತು, ಹಾಲು ಬಿಸಿ ಮಾಡುವ ಮೈಕ್ರೋವೇವ್ ಒಲೆ ಎಲ್ಲ ಅಲ್ಲೇ ಇವೆ. 5ರ ಪಟ್ಟಿಯನ್ನು ವಿಶಾಲವಾಗಿ ಬಿಟ್ಟುಕೊಟ್ಟದ್ದು 2018ರ ಅಕ್ಟೋಬರ್‌ನಲ್ಲಿ. ರೂಟರ್ ಇರುವ ಕೋಣೆಯಲ್ಲೇ ಕೂರುವುದಾದರೆ 5 ಒಳ್ಳೆಯದು. 2.4ರಲ್ಲೇ ಇರಬೇಕಾದರೆ ಚಾನೆಲ್ 1, 6, 11ರಲ್ಲಿ ನೆರೆಯವರು ಬಳಸದ್ದನ್ನು ಆರಿಸಿಕೊಳ್ಳಿ. ಒಂದರ ಮೇಲೊಂದು ಬೀಳದವು ಆ ಮೂರೇ.

ಆದರೆ ಡಬ್ಬಿಯ ಎದುರೇ ಕೂತರೂ ಪಿಂಗ್ ನೆಗೆಯುತ್ತಿದ್ದರೆ? ಆಗ ಸಂಶಯಪಡಬೇಕಾದ್ದು ಅಡಾಪ್ಟರನ್ನೇ. ಅದರ ದೊಡ್ಡ ಚಾಳಿ ನಿದ್ದೆ. ಬ್ಯಾಟರಿ ಉಳಿಸಲೆಂದು ಅದು ಆಗಾಗ ಕಣ್ಣು ಮುಚ್ಚುತ್ತದೆ. ರೂಟರ್ ಸೆಕೆಂಡಿಗೆ ಸುಮಾರು ಹತ್ತು ಬಾರಿ ಡಂಗುರ ಹೊಡೆದು, ಇಂತಿಂಥವರಿಗೆ ಕಾಗದ ಬಂದಿದೆ ಎಂದು ಸಾರುತ್ತದೆ. ಮಲಗಿದ್ದವನು ಡಂಗುರ ಕೇಳಿ ಎದ್ದು ಬಂದು ತೆಗೆದುಕೊಳ್ಳುತ್ತಾನೆ. ಒಂದು ಡಂಗುರ ತಪ್ಪಿದರೆ ನೂರು ಮಿಲಿಸೆಕೆಂಡ್ ಹೋಯಿತು, ಎರಡು ತಪ್ಪಿದರೆ ಇನ್ನೂರು. ಪಿಂಗ್ ಸಾಲುಗಳಲ್ಲಿ ನೂರರ ಒಳಗಿನ, ಇನ್ನೂರರ ಸುತ್ತಿನ ಅಂಕಿಗಳು ಮತ್ತೆ ಮತ್ತೆ ಕಂಡರೆ ಇದೇ ಇರಬಹುದು. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್ ಒಳಗೆ ವೈರ್‌ಲೆಸ್ ಅಡಾಪ್ಟರ್ ಸೆಟ್ಟಿಂಗ್ಸ್ ಇದ್ದರೆ ಅದನ್ನು ಮ್ಯಾಕ್ಸಿಮಮ್ ಪರ್ಫಾರ್ಮೆನ್ಸ್‌ಗೆ ತಿರುಗಿಸಬೇಕು. ಡಿವೈಸ್ ಮ್ಯಾನೇಜರ್‌ನಲ್ಲಿ ಅಡಾಪ್ಟರಿನ ಹೆಸರು ತೆರೆದು, ಪವರ್ ಮ್ಯಾನೇಜ್‌ಮೆಂಟ್ ಪುಟ ಇದ್ದರೆ, ಕರೆಂಟ್ ಉಳಿಸಲು ಇದನ್ನು ಆರಿಸಬಹುದು ಎಂಬ ಗುರುತನ್ನೂ ತೆಗೆಯಬೇಕು. ಕೆಲವು ಹೊಸ ಲ್ಯಾಪ್‌ಟಾಪುಗಳಲ್ಲಿ ಈ ಪುಟಗಳು ಕಾಣುವುದೇ ಇಲ್ಲ. ಆಗ ಲ್ಯಾಪ್‌ಟಾಪ್ ತಯಾರಿಸಿದವರ ಜಾಗದಿಂದಲೇ ಹೊಸ ಡ್ರೈವರ್ ಇಳಿಸಿಕೊಂಡು ಹಾಕುವುದು ಮೊದಲ ಉಪಾಯ.

ನಿಮಿಷಕ್ಕೊಮ್ಮೆ, ಗಡಿಯಾರ ನೋಡಿಕೊಂಡಂತೆ, ಒಂದೆರಡು ಸಾಲು ನೆಗೆದರೆ ಅದು ಬೇರೆ ಚಾಳಿ. ಅಡಾಪ್ಟರ್ ಕೈಲಿದ್ದ ಕೆಲಸ ಬಿಟ್ಟು, ಇದಕ್ಕಿಂತ ಒಳ್ಳೆಯ ಜಾಲ ಪಕ್ಕದಲ್ಲಿದೆಯೇ ಎಂದು ಎಲ್ಲ ಚಾನೆಲ್ ಸುತ್ತಿ ಬರುತ್ತದೆ. ಸ್ಥಳ ತಿಳಿಸುವ ಲೊಕೇಶನ್ ಸೇವೆಯೂ ಅದನ್ನು ಹೀಗೆ ಓಡಿಸುವುದುಂಟು, ಆರಿಸಿ ನೋಡಬಹುದು. ಯುಎಸ್‌ಬಿಗೆ ಚುಚ್ಚುವ ಪುಟ್ಟ ಅಡಾಪ್ಟರ್ ಇದ್ದವರಿಗೆ ಇನ್ನೊಂದು ಕಾಟ. ಪಕ್ಕದಲ್ಲಿ ಯುಎಸ್‌ಬಿ 3ರ ಹಾರ್ಡ್ ಡಿಸ್ಕ್ ಚುಚ್ಚಿದರೆ ಅದರ ಗದ್ದಲ ನೇರವಾಗಿ 2.4ರ ಪಟ್ಟಿಗೇ ಬೀಳುತ್ತದೆ ಎಂದು 2012ರಲ್ಲಿ ಇಂಟೆಲ್ ಕಂಪನಿಯೇ ಪ್ರಕಟಿಸಿತು. ಒಂದು ಮೀಟರಿನ ಎಕ್ಸ್‌ಟೆನ್ಶನ್ ತಂತಿ ಹಾಕಿ ಅಡಾಪ್ಟರನ್ನು ದೂರ ಸರಿಸಿದರೆ ಸಾಕು.

ರೂಟರಿನವರೆಗೆ ಎರಡು ಮೂರೇ ತೋರಿಸಿ, ಹೊರಗಿನ ವಿಳಾಸಕ್ಕೆ ಮಾತ್ರ ಮುನ್ನೂರು ಬಂದರೆ ಏನು? ಆಗಲೂ ಫೋನು ಎತ್ತುವ ಮೊದಲು ಇನ್ನೊಂದು ನೋಡಬೇಕು. ಮನೆಯಲ್ಲಿ ಯಾರಾದರೂ ಮದುವೆಯ ವಿಡಿಯೊ ಮೇಲಕ್ಕೆ ಕಳಿಸುತ್ತಿದ್ದಾರೆಯೇ, ಮೊಬೈಲುಗಳು ತಾವಾಗಿಯೇ ಫೋಟೊ ಏರಿಸುತ್ತಿವೆಯೇ? ಅಮೆರಿಕದ ಜಿಮ್ ಗೆಟಿಸ್ 2010ರಲ್ಲಿ ತಮ್ಮ ಮನೆಯಲ್ಲೇ ಫೈಲು ಕಳಿಸುವಾಗ ಈ ಕಾಟ ಕಂಡು ಬೆನ್ನು ಹತ್ತಿದರು. ಡಬ್ಬಿಯೊಳಗಿನ ಸಾಲು ಅತಿ ಉದ್ದವಾಗಿ, ತುಂಬುವವರೆಗೂ ಎಲ್ಲರನ್ನೂ ಕಾಯಿಸುತ್ತದೆ. ಲಕ್ಷ್ಮೀಸಾಗರ ತುಂಬದೆ ಕೆಳಗಿನ ಕೆರೆಗೆ ನೀರಿಲ್ಲ ಎಂಬಂತೆಯೇ. ಅದಕ್ಕೆ 'ಬಫರ್‌ಬ್ಲೋಟ್' ಎಂಬ ಹೆಸರು ಬಂತು. 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ ಸಾಲನ್ನು ಚಿಕ್ಕದಾಗಿಡುವ ಉಪಾಯ ಪ್ರಕಟಿಸಿದರೂ ಅಗ್ಗದ ಡಬ್ಬಿಗಳೆಲ್ಲದಕ್ಕೂ ಅದು ತಲುಪಿಲ್ಲ. ಸಂದರ್ಶನದ ಅರ್ಧ ಗಂಟೆ ಮನೆಯ ಮೊಬೈಲುಗಳ ವೈಫೈ ಆರಿಸುವುದು ಅಗ್ಗದ ಮದ್ದು. ಅದೂ ಅಲ್ಲವೆಂದಾದರೆ ಈಗ ಕೇಬಲ್ ಹುಡುಗನನ್ನು ಕರೆಯಿರಿ. 'ನೋಡಪ್ಪಾ, ರೂಟರ್‌ವರೆಗೆ ಎರಡು, ಆಚೆಗೆ ಮುನ್ನೂರು, ಸಾಯಂಕಾಲ ಏಳರಿಂದ ಹೀಗೇ' ಎಂದು ಪರದೆ ತೋರಿಸಿದರೆ ಅವನು ಪ್ಲಾನಿನ ಮಾತು ಎತ್ತುವುದಿಲ್ಲ.

ಶ್ರೀನಿವಾಸಪುರದ ಆ ಕಲ್ಲಿನ ಮನೆಗೆ ಮಾತ್ರ ಇಷ್ಟೆಲ್ಲ ಬೇಕಿರಲಿಕ್ಕಿಲ್ಲ. ಇಪ್ಪತ್ತು ಮೀಟರ್ ಲ್ಯಾನ್ ತಂತಿಗೆ ಕೆಲವು ನೂರು ರೂಪಾಯಿ. ಚಪ್ಪಡಿಗೆ ತೂತು ಕೊರೆಯುವ ಗೋಜು ಬೇಡ. ಮುಂದಿನ ಕಿಟಕಿಯಿಂದ ಹೊರಗೆ ಹಾಕಿ, ಸೂರಿನಡಿ ಗೋಡೆಗುಂಟ ತಂದು, ಹಿಂದಿನ ಕಿಟಕಿಯ ಸಂದಿನಲ್ಲಿ ಒಳಕ್ಕೆಳೆದು ಲ್ಯಾಪ್‌ಟಾಪಿಗೆ ಚುಚ್ಚಬಹುದು. ಈಚಿನ ತೆಳು ಲ್ಯಾಪ್‌ಟಾಪುಗಳಲ್ಲಿ ಅದಕ್ಕೆ ತೂತೇ ಇರುವುದಿಲ್ಲ, ಅದಕ್ಕೊಂದು ಯುಎಸ್‌ಬಿ ಜೋಡಣೆ ಬೇಕಾಗುತ್ತದೆ. ಚುಚ್ಚಿದ ಮೇಲೆ ವೈಫೈ ಆರಿಸಿ ಪಿಂಗ್ ಮಾಡಿದರೆ ಸಾಲಿಗೆ ಸಾಲು ಒಂದು ಮಿಲಿಸೆಕೆಂಡಿಗಿಂತ ಕಡಿಮೆ ಎಂದು ತೋರಿಸಬೇಕು. ಎರಡನೆಯ ಸುತ್ತಿನ ಸಂದರ್ಶನಕ್ಕೆ ಕರೆ ಬಂದಿದ್ದರೆ ಹಿಂದಿನ ದಿನವೇ ಎಳೆದಿಡುವುದು ಒಳ್ಳೆಯದು.