ಹಿತ್ತಿಲ ಮರೆಗೆ ಗೋಡೆಯೇ ಬೇಕೆ?

ಬಂಟ್ವಾಳದ ಆಸುಪಾಸಿನ ಗುಡ್ಡಗಳಲ್ಲಿ ಈಗ ಮನೆಗಳು ಒತ್ತೊತ್ತಾಗಿ ಏಳುತ್ತಿವೆ. ಹಿಂದೆ ಒಂದು ಮನೆಗೂ ಮತ್ತೊಂದಕ್ಕೂ ನಡುವೆ ಗದ್ದೆಯೋ ತೋಟವೋ ಇರುತ್ತಿತ್ತು. ಹಿತ್ತಿಲಿಗೆ ಮರೆ ಬೇಕೆಂಬ ಪ್ರಶ್ನೆ ಹೆಚ್ಚಾಗಿ ಹುಟ್ಟುತ್ತಿರಲಿಲ್ಲ. ಇಂದು ಐದು ಸೆಂಟ್ಸು ಜಾಗದಲ್ಲಿ ಮನೆ, ಬಾವಿ, ಬಚ್ಚಲು, ಬಸಳೆಯ ಚಪ್ಪರ, ಬಟ್ಟೆ ಒಣಗಿಸುವ ಹಗ್ಗ ಎಲ್ಲವೂ ನೆರೆಮನೆಯ ಕಿಟಕಿಯ ಎದುರಿಗೇ ಇರಬೇಕಾಗಿದೆ. ಬಟ್ಟೆ ಒಗೆಯುವ ಹೆಂಗಸರು, ಕೂದಲು ಒಣಗಿಸಿಕೊಳ್ಳುವ ಅಜ್ಜಿ, ನಾಲ್ಕು ಜನರ ದೃಷ್ಟಿಗೆ ಬೀಳದೆ ಇರಲು ಬಯಸುವುದು ನ್ಯಾಯವೇ. ಅದನ್ನು ಯಾರೂ ಹಗುರವಾಗಿ ಕಾಣಕೂಡದು.

ಆದರೆ ಈ ಬಯಕೆಗೆ ನಾವು ಕೊಡುತ್ತಿರುವ ಉತ್ತರ ಒಂದೇ: ಗಡಿಯುದ್ದಕ್ಕೂ ಆಳೆತ್ತರದ ಮುರಕಲ್ಲಿನ ಪಾಗಾರ. ಈ ಉತ್ತರವು ಆತುರದ್ದೆಂದು ನನ್ನ ಅಭಿಪ್ರಾಯ. ಅದಕ್ಕೆ ಕಾರಣಗಳು ಕಾಲೇಜಿನ ಮೊದಲ ವರ್ಷದ ಭೌತಶಾಸ್ತ್ರದಲ್ಲೇ ಇವೆ.

ಮರೆ ಎಂದರೆ ನಾವು ತಡೆಯಬೇಕಾದುದು ಏನು? ದೃಷ್ಟಿಯನ್ನು, ಎಂದರೆ ಬೆಳಕನ್ನು ಮಾತ್ರ. ಗಾಳಿಯನ್ನು ತಡೆಯಬೇಕಾಗಿಲ್ಲ, ಮಳೆನೀರನ್ನಂತೂ ತಡೆಯಲೇ ಕೂಡದು. ಬೆಳಕು ನೇರವಾಗಿ ಸಾಗುತ್ತದೆ. ಅದನ್ನು ತಡೆಯಲು ಒಂದು ತೆಳುವಾದ ಎಲೆ ಸಾಕು. ಒಂದು ಎಲೆಯಿಂದ ಆಗುವ ಕೆಲಸಕ್ಕೆ ಕಲ್ಲನ್ನು ತಂದು ನಿಲ್ಲಿಸುತ್ತೇವೆ. ಆ ಕಲ್ಲು ನಾವು ಕೇಳದಿದ್ದ ಬೇರೆ ಕೆಲಸಗಳನ್ನೂ ಮಾಡತೊಡಗುತ್ತದೆ.

ಮೊದಲು ದೃಷ್ಟಿಯ ಲೆಕ್ಕವನ್ನು ನೋಡೋಣ. ಬೆಳ್ತಂಗಡಿಯ ಕಡೆಗೆ ಹೋದವರು ಗಡಾಯಿಕಲ್ಲನ್ನು ಕಂಡಿರುತ್ತಾರೆ. ಅಷ್ಟು ದೊಡ್ಡ ಬಂಡೆಯನ್ನು ಕಣ್ಣಿನೆದುರು ಹಿಡಿದ ಒಂದು ಅಂಗೈ ಮರೆಮಾಡಬಲ್ಲುದು. ತಡೆಯು ಎಷ್ಟು ದೊಡ್ಡದಾಗಿದೆ ಎಂಬುದಕ್ಕಿಂತ ಎಲ್ಲಿದೆ ಎಂಬುದೇ ಮುಖ್ಯ. ನೆರೆಯವರ ಮಾಳಿಗೆಯ ಕಿಟಕಿಯಲ್ಲಿ ನಿಂತವರ ಕಣ್ಣು ನಮ್ಮ ನೆಲದಿಂದ 5 ಮೀಟರು ಎತ್ತರದಲ್ಲಿದೆ, ಕಿಟಕಿಯು ಗಡಿಯಿಂದ 10 ಮೀಟರು ದೂರದಲ್ಲಿದೆ ಎಂದಿಟ್ಟುಕೊಳ್ಳಿ. ಗಡಿಯಿಂದ 3 ಮೀಟರು ಒಳಗೆ ನಮ್ಮ ಒಗೆಯುವ ಕಲ್ಲು ಇದೆ. ಅಲ್ಲಿ ನಿಂತ 1.6 ಮೀಟರು ಎತ್ತರದ ವ್ಯಕ್ತಿಯನ್ನು ಮರೆಮಾಡಲು ಗಡಿಯಲ್ಲಿ ಸುಮಾರು 2.4 ಮೀಟರು ಎತ್ತರದ ಗೋಡೆ ಬೇಕು. ಅದೇ ತಡೆಯನ್ನು ಆ ವ್ಯಕ್ತಿಯಿಂದ ಅರ್ಧ ಮೀಟರು ದೂರದಲ್ಲಿ ನಿಲ್ಲಿಸಿದರೆ 1.75 ಮೀಟರು ಸಾಕು. ಸಮರೂಪ ತ್ರಿಕೋನಗಳನ್ನು ಬಲ್ಲ ಹೈಸ್ಕೂಲು ವಿದ್ಯಾರ್ಥಿ ಇದನ್ನು ತಾನೇ ಲೆಕ್ಕಹಾಕಿ ನೋಡಬಹುದು. ಐದು ಸೆಂಟ್ಸಿನ ಚೌಕ ನಿವೇಶನದ ಸುತ್ತಳತೆ ಸುಮಾರು 57 ಮೀಟರು. ಮರೆ ಬೇಕಾದುದೋ ಬಚ್ಚಲಿನ ಬಳಿಯ ಮೂರು ನಾಲ್ಕು ಮೀಟರಿಗೆ. ಅಲ್ಲಿ ಒಂದು ಬಿದಿರಿನ ತಟ್ಟಿಯನ್ನೋ ಹೆಣೆದ ಮಡಲನ್ನೋ ನಿಲ್ಲಿಸಿದರೆ ಕೆಲಸ ಮುಗಿಯಿತು. 57 ಮೀಟರಿಗೂ 20 ಸೆಂಟಿಮೀಟರು ದಪ್ಪದ ಗೋಡೆ ಕಟ್ಟಿದರೆ, ನೆಲದಲ್ಲಿ ಕಾಲು ಸೆಂಟ್ಸಿಗೂ ಹೆಚ್ಚನ್ನು ಗೋಡೆಯೇ ನುಂಗುತ್ತದೆ.

ಇನ್ನು ನೀರಿನ ಮಾತು. ಇದೇ ಎಲ್ಲಕ್ಕಿಂತ ಗಂಭೀರವಾದುದು. ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರು ಮಳೆ ಸುರಿಯುತ್ತದೆ. ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಐದು ಸೆಂಟ್ಸಿನ ಮೇಲೆ ಬೀಳುವ ನೀರೇ ಎಂಟು ಲಕ್ಷ ಲೀಟರು. ಗುಡ್ಡದ ಮೇಲಿನಿಂದ ಹರಿದು ಬರುವುದು ಬೇರೆ. ಕಿಂಡಿಯಿಲ್ಲದ ಗೋಡೆ ಇದಕ್ಕೆ ಅಡ್ಡ ನಿಂತರೆ ಏನಾಗುತ್ತದೆ?

ಗಂಟೆಗೆ 72 ಕಿಲೋಮೀಟರು ವೇಗದ ಬಿರುಗಾಳಿ 2 ಮೀಟರು ಎತ್ತರದ ಗೋಡೆಯ ಒಂದೊಂದು ಮೀಟರು ಉದ್ದವನ್ನೂ ಸುಮಾರು 50 ಕಿಲೋಗ್ರಾಂ ತೂಕದಷ್ಟು ಬಲದಿಂದ ತಳ್ಳುತ್ತದೆ. ಅದೇ ಗೋಡೆಯ ಹಿಂದೆ ಕೇವಲ 1 ಮೀಟರು ಎತ್ತರಕ್ಕೆ ನೀರು ನಿಂತರೆ ಆ ಬಲವು 500 ಕಿಲೋಗ್ರಾಂ ತೂಕದಷ್ಟಾಗುತ್ತದೆ. ಗಾಳಿಯ ಹತ್ತು ಪಟ್ಟು. ನೀರಿನ ಎತ್ತರ ಇಮ್ಮಡಿಯಾದರೆ ತಳ್ಳುವ ಬಲ ನಾಲ್ಮಡಿಯಾಗುತ್ತದೆ, ಗೋಡೆಯನ್ನು ಮಗುಚುವ ಶಕ್ತಿ ಎಂಟು ಮಡಿಯಾಗುತ್ತದೆ. ಇನ್ನೂ ಒಂದು ಸಂಗತಿಯುಂಟು. ದ್ರವದ ಒತ್ತಡವು ಅದರ ಆಳವನ್ನು ಅವಲಂಬಿಸುತ್ತದೆಯೇ ಹೊರತು ಪರಿಮಾಣವನ್ನಲ್ಲ. ಮಣ್ಣಿಗೂ ಗೋಡೆಗೂ ನಡುವಿನ ಬೆರಳಗಲದ ಸಂದಿನಲ್ಲಿ ತುಂಬಿದ ನೀರೂ, ಅಷ್ಟೇ ಆಳದ ಕೆರೆಯ ನೀರೂ ಗೋಡೆಯನ್ನು ಒಂದೇ ಬಲದಿಂದ ತಳ್ಳುತ್ತವೆ. “ಅಲ್ಲಿ ಅಷ್ಟೇನೂ ನೀರಿಲ್ಲವಲ್ಲ” ಎಂಬ ಸಮಾಧಾನಕ್ಕೆ ಆಧಾರವಿಲ್ಲ. 20 ಸೆಂಟಿಮೀಟರು ದಪ್ಪ, 2 ಮೀಟರು ಎತ್ತರದ ಮುರಕಲ್ಲಿನ ಗೋಡೆ ಕೇವಲ ತನ್ನ ತೂಕದಿಂದ ನಿಂತಿದ್ದರೆ, ಸುಮಾರು 80 ಸೆಂಟಿಮೀಟರು ನೀರು ಅದನ್ನು ಮಗುಚಿಬಿಡಬಲ್ಲುದು. ಅದು ಬೀಳದೆ ನಿಂತಿರುವುದು ಗಾರೆಯ ಅಂಟಿನಿಂದ ಮತ್ತು ಬುನಾದಿಯ ಹಿಡಿತದಿಂದ. ಗಾರೆ ಹಳತಾಗುತ್ತದೆ, ಬುನಾದಿಯ ಮಣ್ಣು ನೆನೆಯುತ್ತದೆ.

ಇದು ಬರಿಯ ಲೆಕ್ಕವಲ್ಲ. 2024ರ ಜೂನ್ 26ರಂದು ಉಳ್ಳಾಲ ತಾಲೂಕಿನ ಕುತ್ತಾರು ಮದನಿನಗರದಲ್ಲಿ ಮಳೆಗೆ ನೆರೆಮನೆಯ ಆವರಣ ಗೋಡೆ ಕುಸಿದು ಒಂದು ಮನೆಯ ಮೇಲೆ ಬಿದ್ದಿತು. ತಂದೆ, ತಾಯಿ, ಇಬ್ಬರು ಹೆಣ್ಣುಮಕ್ಕಳು, ಒಂದೇ ಕುಟುಂಬದ ನಾಲ್ವರು ಸತ್ತರು. ಇಳಿಜಾರಿನಲ್ಲಿ ಮೇಲಿನವರ ಗೋಡೆ ಕೆಳಗಿನವರ ತಲೆಯ ಮೇಲೆ ನಿಂತಿರುತ್ತದೆ ಎಂಬುದನ್ನು ನಾವು ಮರೆಯುವಂತಿಲ್ಲ.

ಗಾಳಿಯ ವಿಷಯದಲ್ಲಿಯೂ ಗೋಡೆ ನಮಗೆ ಉಪಕಾರಿಯಲ್ಲ. ಸಂದಿಲ್ಲದ ಗೋಡೆಗೆ ತಾಗಿದ ಗಾಳಿ ಮೇಲೇರಿ, ಹಿಂದುಗಡೆ ಸುಳಿಸುಳಿಯಾಗಿ ಇಳಿಯುತ್ತದೆ. ಸುಮಾರು ಅರ್ಧದಷ್ಟು ತೆರಪುಳ್ಳ ಬೇಲಿಯಾದರೆ ಗಾಳಿ ಅದರ ಮೂಲಕ ಸೋಸಿ, ಮೆತ್ತಗಾಗಿ ಬರುತ್ತದೆ. ಬೆವರೂ ಬಟ್ಟೆಯೂ ಸುಲಭವಾಗಿ ಆರದ ನಮ್ಮ ಕರಾವಳಿಯ ತೇವದ ಹವೆಯಲ್ಲಿ ಈ ಮೆಲುಗಾಳಿಯನ್ನು ಕಳೆದುಕೊಳ್ಳುವುದು ಜಾಣತನವಲ್ಲ.

ತೆರಪುಳ್ಳ ಬೇಲಿಯಿಂದ ಮರೆಯಾದೀತೆ ಎಂದು ಕೇಳಬಹುದು. ನಮ್ಮ ಹಳೆಯ ಮನೆಗಳ ಜಗಲಿಯ ಮರದ ದಳಿಗಳನ್ನು ನೆನಪಿಸಿಕೊಳ್ಳಿ. ಒಳಗೆ ಕುಳಿತವರಿಗೆ ಅಂಗಳವೆಲ್ಲ ಕಾಣುತ್ತಿತ್ತು. ಅಂಗಳದಲ್ಲಿ ನಿಂತವರಿಗೆ ಒಳಗಿನವರು ಕಾಣುತ್ತಿರಲಿಲ್ಲ. ಒಳಗೆ ನಸುಗತ್ತಲೆ, ಹೊರಗೆ ಬಿಸಿಲು. ಪ್ರಕಾಶವಾದ ಪಟ್ಟಿಗಳ ನಡುವಣ ಮಂದ ಬೆಳಕನ್ನು ಕಣ್ಣು ಗ್ರಹಿಸಲಾರದು. ಚಪ್ಪರದ ನೆರಳಿನಲ್ಲಿರುವ ಬಚ್ಚಲಿಗೂ ಇದೇ ನ್ಯಾಯ. ರಾತ್ರಿ ಒಳಗೆ ದೀಪ ಹಚ್ಚಿದಾಗ ಮಾತ್ರ ಇದು ತಿರುಗುಮುರುಗಾಗುವುದರಿಂದ, ಅಲ್ಲಿ ಒಂದು ಪರದೆಯನ್ನೂ ಇಳಿಬಿಡಬೇಕು.

ಹಾಗೆಂದು ಗೋಡೆಯಿಂದ ಪ್ರಯೋಜನವೇ ಇಲ್ಲವೆಂದು ನಾನು ಹೇಳುವುದಿಲ್ಲ. ಬಿ.ಸಿ. ರೋಡು, ಕಲ್ಲಡ್ಕ, ಮಾಣಿಗಳಲ್ಲಿ ಹೆದ್ದಾರಿಯ ಅಂಚಿಗೇ ಮನೆಯಿದ್ದವರಿಗೆ ಮರೆಗಿಂತ ಲಾರಿಗಳ ಸದ್ದಿನದೇ ಕಾಟ. ಸದ್ದನ್ನು ಎಲೆ ತಡೆಯಲಾರದು. ಸಂದಿಲ್ಲದ ಭಾರವಾದ ಗೋಡೆಯೇ ಬೇಕು. ಅಲ್ಲಿಯೂ ತರಂಗಾಂತರ ಒಂದು ಮೀಟರಿನಷ್ಟಿರುವ ತಗ್ಗು ಸ್ವರಗಳು ಗೋಡೆಯ ತಲೆಯ ಮೇಲಿಂದ ಬಾಗಿ ಒಳಗಿಳಿಯುತ್ತವೆ ಎಂಬುದು ನೆನಪಿರಲಿ. ಹಸಿರು ಬೇಲಿಗೂ ಅದರದೇ ತೊಂದರೆಗಳುಂಟು. ಬೆಳೆಯಲು ಒಂದೆರಡು ಮಳೆಗಾಲ ಬೇಕು, ಕತ್ತರಿಸುತ್ತಿರಬೇಕು, ಬಿಟ್ಟರೆ ನೆರೆಯವರ ಅಂಗಳಕ್ಕೆ ಚಾಚಿ ಜಗಳ ತರುತ್ತದೆ.

ಇವನ್ನೆಲ್ಲ ತೂಗಿ ನೋಡಿದರೆ ನನಗೆ ಸರಿಯೆಂದು ತೋರುವುದು ಇದು: ಗಡಿಯಲ್ಲಿ ಎರಡು ಸಾಲು ಮುರಕಲ್ಲು, ನಡುನಡುವೆ ನೀರಿಗೆ ಕಿಂಡಿ; ಅದರೊಳಗಡೆ ದಾಸವಾಳ, ಆಡುಸೋಗೆ ಅಥವಾ ಗೊಬ್ಬರದ ಗಿಡದ ಬೇಲಿ. ಗೊಬ್ಬರದ ಗಿಡದ ಗೆಲ್ಲನ್ನು ಮಳೆಗಾಲದಲ್ಲಿ ಊರಿದರೆ ಸಾಕು, ಚಿಗುರುತ್ತದೆ. ಸೊಪ್ಪು ತೆಂಗಿನ ಬುಡಕ್ಕೆ ಆಗುತ್ತದೆ. ಬೇಲಿಗೆ ಬಳಸುವ ಕಾಡುಹರಳಿನ ಬೀಜ ವಿಷವಾದುದರಿಂದ ಮಕ್ಕಳಿರುವಲ್ಲಿ ಅದು ಬೇಡ. ನಾಯಿ, ಹಂದಿಗಳ ಕಾಟವಿದ್ದರೆ ಗಿಡಗಳ ನಡುವೆ ತಂತಿಬಲೆಯನ್ನು ಎಳೆಯಬಹುದು. ಬಚ್ಚಲಿನ ಹತ್ತಿರ ಪ್ರತ್ಯೇಕವಾದ ತಟ್ಟಿ. ಇಳಿಜಾರಿನ ಮಣ್ಣನ್ನು ತಡೆದು ನಿಲ್ಲಿಸುವ ಕಟ್ಟಡವಂತೂ ಬೇರೆಯೇ ಬಗೆಯದು. ಅದನ್ನು ಬಲ್ಲ ಇಂಜಿನಿಯರರಿಂದಲೇ ಲೆಕ್ಕಹಾಕಿಸಿ, ಹಿಂದೆ ಜಲ್ಲಿ ತುಂಬಿ, ನೀರು ಹೊರಹೋಗಲು ದಾರಿಯಿಟ್ಟು ಕಟ್ಟಿಸತಕ್ಕದ್ದು. ಮರೆಗೆಂದು ಎಬ್ಬಿಸಿದ ಗೋಡೆಗೆ ಮಣ್ಣನ್ನು ಆನಿಸಲೇ ಕೂಡದು.

ಈ ಲೇಖನವನ್ನು ಓದುವ ವಿದ್ಯಾರ್ಥಿಗಳಲ್ಲಿ ಹಲವರ ಮನೆಗಳಲ್ಲಿ ಬರುವ ಬೇಸಗೆಗೆ ಪಾಗಾರದ ಮಾತು ನಡೆಯುತ್ತಿರಬಹುದು. ಮೇಸ್ತ್ರಿಯನ್ನು ಕರೆಯುವ ಮೊದಲು ಒಂದು ದಾರವನ್ನೂ ಅಳತೆಪಟ್ಟಿಯನ್ನೂ ಹಿಡಿದು ಹಿತ್ತಿಲಿಗೆ ಇಳಿಯಿರಿ. ಯಾವ ಕಿಟಕಿಯಿಂದ ಯಾವ ಜಾಗ ಕಾಣುತ್ತದೆ ಎಂದು ಅಳೆಯಿರಿ. ಜೋರು ಮಳೆ ಬಂದ ದಿನ ಕೊಡೆ ಹಿಡಿದು ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂದು ನೋಡಿ ಗುರುತು ಮಾಡಿಕೊಳ್ಳಿ. ನಿಮ್ಮ ಮನೆ ಮೇಲಿದ್ದರೆ ಕೆಳಗಿನ ಮನೆಯವರನ್ನೂ ಕರೆದು ತೋರಿಸಿ. ಅನಂತರ ಹಿರಿಯರ ಮುಂದೆ ನಿಮ್ಮ ಲೆಕ್ಕವನ್ನು ಇಡಿ.